ಹಿಟ್ಟಿನ ಕೋಳಿಯೂ ನಾಲಗೆಯ ನೆನಪೂ



ಆಹಾರದ ವಿಚಾರ ಬಂದಾಗ ನಾವು ಸಾಮಾನ್ಯವಾಗಿ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಯಾವುದನ್ನು ಉಣ್ಣಬೇಕು, ಯಾವುದನ್ನು ಉಣ್ಣಬಾರದು? ಈ ಪ್ರಶ್ನೆಗೆ ನಮ್ಮ ಮನೆತನ, ನಮ್ಮ ಸಂಸ್ಕಾರ, ನಾವು ಓದಿ ಬೆಳೆದ ಶ್ರೀಮಠದ ಪ್ರಸಾದ ನಿಲಯ ಇವೆಲ್ಲವೂ ಚಿಕ್ಕಂದಿನಲ್ಲಿಯೇ ಉತ್ತರ ಕೊಟ್ಟುಬಿಟ್ಟಿವೆ. ಆದುದರಿಂದ ಆ ವಿಷಯದಲ್ಲಿ ನಾವು ನಿಶ್ಚಿಂತರು. ಆದರೆ ಅದರ ಹಿಂದೆಯೇ ಇನ್ನೊಂದು ಸೂಕ್ಷ್ಮವಾದ ಪ್ರಶ್ನೆ ಅಡಗಿ ಕುಳಿತಿದೆ. ಪ್ರಾಣಿಹಿಂಸೆ ಬೇಡವೆಂದು ಮಾಂಸವನ್ನು ತ್ಯಜಿಸಿದವರು ಅದರ ರುಚಿಯನ್ನೂ ರೂಪವನ್ನೂ ಗೋಧಿಯಲ್ಲಿ, ಸೋಯಾ ಅವರೆಯಲ್ಲಿ, ಗೋಡಂಬಿಯಲ್ಲಿ ಮತ್ತೆ ಬರಿಸಿಕೊಂಡು ಉಂಡರೆ ಅದು ಧರ್ಮವೋ, ಆತ್ಮವಂಚನೆಯೋ? ಬಿಟ್ಟದ್ದು ನಿಜವಾಗಿಯೂ ಬಿಟ್ಟಂತಾಯಿತೇ?

ಈ ಪ್ರಶ್ನೆಯನ್ನು ನಾನು ಗ್ರಂಥಗಳಿಂದ ಎತ್ತಿಕೊಂಡವನಲ್ಲ. ಒಂದು ಊಟದ ಮೇಜಿನ ಮುಂದೆ ನಾನೇ ಆಡಿದ ಅವಿವೇಕದ ಮಾತೊಂದರಿಂದ ಇದು ನನ್ನ ಬೆನ್ನು ಹತ್ತಿತು. ಆದುದರಿಂದ ಮೊದಲು ಆ ಸಂಗತಿಯನ್ನು ತಮ್ಮ ಮುಂದೆ ನಿವೇದಿಸುತ್ತೇನೆ.

ನನ್ನ ಮಗ ಉದ್ಯೋಗನಿಮಿತ್ತ ಅಮೆರಿಕೆಯಲ್ಲಿ ನೆಲೆಸಿದ್ದಾನೆ. ಸೊಸೆ ಆ ನಾಡಿನವಳೇ. ಆಕೆ ಮಾಂಸ, ಮೀನು, ಮೊಟ್ಟೆಗಳನ್ನಷ್ಟೇ ಅಲ್ಲ, ಹಾಲು, ಬೆಣ್ಣೆ, ಚೀಸು, ಜೇನುತುಪ್ಪಗಳನ್ನೂ ಬಿಟ್ಟವಳು. ಇಂಥವರನ್ನು ಅಲ್ಲಿ 'ವೀಗನ್' ಎಂದು ಕರೆಯುತ್ತಾರೆ. ಮದುವೆಗೆ ಮೊದಲೇ, ಯಾರೂ ಹೇಳದೆ, ತನ್ನಷ್ಟಕ್ಕೆ ತಾನೇ ವಿಚಾರ ಮಾಡಿ ಬಿಟ್ಟವಳು. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಆ ದೇಶದವರಿಗೆ 'ಥ್ಯಾಂಕ್ಸ್‌ಗಿವಿಂಗ್' ಎಂಬ ಕೃತಜ್ಞತೆಯ ಹಬ್ಬ. ಅಂದು ದೂರದೂರದ ಮಕ್ಕಳೆಲ್ಲ ಮನೆಗೆ ಬರುತ್ತಾರೆ. ಟರ್ಕಿ ಕೋಳಿಯನ್ನು ಇಡಿಯಾಗಿ ಒಲೆಯಲ್ಲಿಟ್ಟು ಬೇಯಿಸಿ, ಮನೆಯ ಹಿರಿಯರು ಅದನ್ನು ಕೊಯ್ದು ಎಲ್ಲರಿಗೂ ಬಡಿಸುವುದು ಅಲ್ಲಿಯ ಸಂಪ್ರದಾಯ. ನಾನು ಹೋಗಿದ್ದಾಗ ಆ ಹಬ್ಬ ಬಂದಿತು.

ಸೊಸೆ ಎರಡು ದಿನ ಮೊದಲೇ ಅಡುಗೆಗೆ ತೊಡಗಿದಳು. ಗೋಧಿ ಹಿಟ್ಟನ್ನು ಗಟ್ಟಿಯಾಗಿ ನಾದಿ, ನೆನೆಯಲು ಬಿಟ್ಟು, ಆಮೇಲೆ ಆ ಮುದ್ದೆಯನ್ನು ನೀರಿನಲ್ಲಿ ಹಿಚುಕಿ ಹಿಚುಕಿ ತೊಳೆದಳು. ಬಿಳಿಯ ಹಾಲಿನಂಥ ನೀರು ಹರಿದು ಹೋಗಿ, ನೀರು ತಿಳಿಯಾಗುವ ಹೊತ್ತಿಗೆ ಅವಳ ಕೈಯಲ್ಲಿ ರಬ್ಬರಿನಂಥ ಒಂದು ಜಿಗುಟು ಮುದ್ದೆ ಉಳಿಯಿತು. ಅದಕ್ಕೆ ಮಸಾಲೆ ಬೆರೆಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಸೋಯಾ ರಸ, ಈರುಳ್ಳಿ, ಬೆಳ್ಳುಳ್ಳಿ ಹಾಕಿದ ನೀರಿನಲ್ಲಿ ಸಣ್ಣ ಉರಿಯ ಮೇಲೆ ಬೇಯಿಸಿದಳು. ರಾತ್ರಿಯೆಲ್ಲ ನೆನೆಸಿದ ಗೋಡಂಬಿಯನ್ನು ಬೇಯಿಸಿದ ಆಲೂಗಡ್ಡೆ, ಗಜ್ಜರಿಗಳೊಡನೆ ರುಬ್ಬಿ, ನಿಂಬೆರಸ, ಉಪ್ಪು, ಒಂದು ಬಗೆಯ ಒಣ ಯೀಸ್ಟಿನ ಪುಡಿ ಬೆರೆಸಿ, ಚೀಸಿನ ಬದಲು ಅದನ್ನೇ ಬೆಂದ ಮ್ಯಾಕರೋನಿಯ ಮೇಲೆ ಸುರಿದು ಒಲೆಯೊಳಗಿಟ್ಟಳು. ಅಣಬೆಯನ್ನು ಕಂದುಬಣ್ಣ ಬರುವವರೆಗೆ ಹುರಿದು, ಅದರಿಂದ ಆಲೂಗಡ್ಡೆಯ ಮುದ್ದೆಗೆ ಹಾಕಿಕೊಳ್ಳುವ ಗೊಜ್ಜು ಮಾಡಿದಳು. ಹಬ್ಬದ ದಿನ ಆ ಗೋಧಿಯ ಮುದ್ದೆಗೆ ಎಣ್ಣೆ ಸವರಿ ಕೆಂಪಗೆ ಸುಟ್ಟು, ತಟ್ಟೆಯಲ್ಲಿಟ್ಟು, ತೆಳುವಾಗಿ ಕೊಯ್ದು ಬಡಿಸಲು ಬಂದಳು.

ನಾನು ತಟ್ಟೆಯ ಮೇಲೆ ಕೈಯಡ್ಡ ಹಿಡಿದೆ. "ಮಾಂಸ ಬಿಟ್ಟವರಿಗೆ ಮಾಂಸದ ವೇಷವೇಕಮ್ಮ? ಕೈ ಬಿಟ್ಟರೂ ಮನಸ್ಸು ಬಿಟ್ಟಿಲ್ಲವೆಂದಾಯಿತಲ್ಲ!" ಎಂದು ನಕ್ಕೆ. ಮಗ ತಲೆ ತಗ್ಗಿಸಿದ. ಆಕೆ ಕೋಪಿಸಿಕೊಳ್ಳಲಿಲ್ಲ. ಆಕೆಗೆ ಬರುತ್ತಿದ್ದ ನಾಲ್ಕಾರು ಕನ್ನಡ ಮಾತುಗಳಲ್ಲಿ 'ಮಾವ' ಎಂಬುದೂ ಒಂದು. ಹಾಗೆ ಕರೆದು, ಉಳಿದುದನ್ನು ತನ್ನ ಭಾಷೆಯಲ್ಲಿಯೇ ಮೆಲ್ಲಗೆ ಹೇಳಿದಳು: "ಮಾವ, ನಾನು ಬಿಟ್ಟದ್ದು ಕೊಲ್ಲುವುದನ್ನು. ನನ್ನ ಅಜ್ಜಿಯನ್ನು ಬಿಟ್ಟಿಲ್ಲ. ಈ ಪರಿಮಳ ಬಂದರೆ ಅಜ್ಜಿ ಮನೆಗೆ ಬಂದಂತೆ." ಇಷ್ಟೇ ಹೇಳಿ, ನನಗೆಂದು ಬೇರೆಯಾಗಿ ಮಾಡಿದ್ದ ಅನ್ನ, ಸಾರುಗಳನ್ನು ಮುಂದಿಟ್ಟಳು.

ವಾಚಕರೇ, ನನ್ನ ಮಾತು ನ್ಯಾಯವಾದುದೇ ಎಂದು ಆ ಕ್ಷಣಕ್ಕೆ ನನಗೆ ಅನ್ನಿಸಿತ್ತು. ಅದಕ್ಕೆ ಆಧಾರವೂ ನಮ್ಮ ಸಾಹಿತ್ಯದಲ್ಲಿಯೇ ಇದೆಯೆಂದು ಭಾವಿಸಿದ್ದೆ. ಜನ್ನ ಕವಿಯ 'ಯಶೋಧರ ಚರಿತೆ'ಯನ್ನು ನಿಮ್ಮಲ್ಲಿ ಅನೇಕರು ಓದಿರಬಹುದು. ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಜನ್ನನು 1209ರಲ್ಲಿ ರಚಿಸಿದ ಈ ಕಾವ್ಯದ ತಿರುಳು ಒಂದು ಹಿಟ್ಟಿನ ಕೋಳಿಯಲ್ಲಿದೆ. ಉಜ್ಜಯಿನಿಯ ಅರಸ ಯಶೋಧರನು ತನ್ನ ರಾಣಿ ಅಮೃತಮತಿ ಒಬ್ಬ ಮಾವುತನಿಗೆ ಮನಸೋತುದನ್ನು ಕಂಡು ನೊಂದಿದ್ದಾನೆ. ಆ ನೋವನ್ನು ತಾಯಿಗೆ ಹೇಳಲಾರದೆ ಕೆಟ್ಟ ಕನಸು ಕಂಡೆನೆಂದು ಹೇಳುತ್ತಾನೆ. ತಾಯಿ ಚಂದ್ರಮತಿ ದೋಷಪರಿಹಾರಕ್ಕಾಗಿ ದೇವಿಗೆ ಬಲಿ ಕೊಡೆಂದು ಒತ್ತಾಯಿಸುತ್ತಾಳೆ. ಜೀವಹಿಂಸೆಗೆ ಅರಸ ಒಪ್ಪುವುದಿಲ್ಲ. ಕೊನೆಗೆ ತಾಯಿಯ ಮಾತಿಗೂ ತನ್ನ ಮನಸ್ಸಿಗೂ ನಡುವೆ ಒಂದು ಒಡಂಬಡಿಕೆಯೆಂಬಂತೆ ಹಿಟ್ಟಿನ ಕೋಳಿಯೊಂದನ್ನು ಮಾಡಿಸಿ, ದೇವಿಯ ಮುಂದೆ ಕತ್ತಿಯಿಂದ ಕಡಿಯುತ್ತಾನೆ. ಕತ್ತಿ ಬಿದ್ದೊಡನೆ ಆ ಹಿಟ್ಟಿನ ಕೋಳಿ ಕೂಗುತ್ತದೆ! ರಾಣಿ ಇಕ್ಕಿದ ವಿಷದಿಂದ ತಾಯಿಮಕ್ಕಳಿಬ್ಬರೂ ಸಾಯುತ್ತಾರೆ. ಆ ಒಂದು ಸಂಕಲ್ಪದ ಫಲವಾಗಿ ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಳಿ ಎಂದು ಜನ್ಮ ಜನ್ಮಾಂತರಗಳಲ್ಲಿ ಬೇಯುತ್ತಾರೆ. ಕೊಲ್ಲುವ ಭಾವವೇ ಕೊಲೆ, ಅದಕ್ಕೆ ಪ್ರಾಣಿ ಎದುರಿಗಿರಲೇಬೇಕೆಂದಿಲ್ಲ ಎಂಬ ಜೈನದರ್ಶನದ ಭಾವಹಿಂಸೆಯ ತತ್ತ್ವವನ್ನು ಇದಕ್ಕಿಂತ ತೀಕ್ಷ್ಣವಾಗಿ ಹೇಳಿದ ಕಥೆ ವಿರಳ. ಗಿರೀಶ ಕಾರ್ನಾಡರು ತಮ್ಮ 'ಹಿಟ್ಟಿನ ಹುಂಜ' ನಾಟಕಕ್ಕೆ ಈ ಕಥೆಯನ್ನೇ ಎತ್ತಿಕೊಂಡರು.

ಹಾಗಾದರೆ ನನ್ನ ಸೊಸೆ ಸುಟ್ಟು ತಂದದ್ದೂ ಹಿಟ್ಟಿನ ಕೋಳಿಯೇ ಅಲ್ಲವೇ? ಊಟ ಮುಗಿದ ಮೇಲೂ ಆ ಯೋಚನೆಯೇ ನನ್ನನ್ನು ಕಾಡಿತು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹೊರಳಾಡುತ್ತ ವಿಚಾರ ಮಾಡಿದಂತೆಲ್ಲ, ನಾನು ಹಿಡಿದ ದೃಷ್ಟಾಂತವೇ ನನ್ನ ವಿರುದ್ಧ ಸಾಕ್ಷಿ ಹೇಳುತ್ತಿದೆಯೆಂದು ತೋರತೊಡಗಿತು. ಅದು ಹೇಗೆಂಬುದನ್ನು ಹೇಳುವ ಮೊದಲು, ಆ ತಟ್ಟೆಯಲ್ಲಿದ್ದುದು ವಾಸ್ತವವಾಗಿ ಏನು ಎಂಬುದನ್ನು ನಾವು ತಿಳಿಯಬೇಕು.

ಗೋಧಿ ಹಿಟ್ಟನ್ನು ತೊಳೆದು ಉಳಿಸಿಕೊಂಡ ಜಿಗುಟು ಪದಾರ್ಥ ನಮಗೆ ಅಪರಿಚಿತವೇನಲ್ಲ. ಹೋಳಿಗೆಯ ಕಣಕವನ್ನು ಎಣ್ಣೆ ಹಾಕಿ ನಾದಿ ಇಟ್ಟರೆ ಅದು ಹರಿಯದೆ ಎಳೆದಷ್ಟೂ ಬರುತ್ತದೆಂಬುದನ್ನು ನಮ್ಮ ತಾಯಂದಿರು ಬಲ್ಲರು. ಆ ಎಳೆತ ಬರುವುದು ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ. ಗೋಧಿಯನ್ನು ನೆನೆಯಿಟ್ಟು ರುಬ್ಬಿ, ಹಾಲು ಹಿಂಡಿ ಸಂಡಿಗೆ ಹಾಕುವಾಗ ನಾವು ಹಾಲನ್ನು ಇಟ್ಟುಕೊಂಡು ಉಳಿದುದನ್ನು ಚೆಲ್ಲುತ್ತೇವೆ. ಅವರು ಹಾಲನ್ನು ಚೆಲ್ಲಿ ಜಿಗುಟನ್ನು ಇಟ್ಟುಕೊಳ್ಳುತ್ತಾರೆ. ಇಷ್ಟೇ ಭೇದ. ಇದನ್ನು ಪಶ್ಚಿಮದಲ್ಲಿ 'ಸೀಟಾನ್' ಎನ್ನುತ್ತಾರೆ. ಚೀನಾ ದೇಶದ ಬೌದ್ಧ ವಿಹಾರಗಳ ಅಡುಗೆಮನೆಗಳಲ್ಲಿ ಇದು ಶತಮಾನಗಳಿಂದ ಬಳಕೆಯಲ್ಲಿದೆ. ಮಾಂಸದೂಟಕ್ಕೆ ಒಗ್ಗಿದ ಗೃಹಸ್ಥ ಭಕ್ತರು ವಿಹಾರಕ್ಕೆ ಬಂದಾಗ ಅವರಿಗೆ ಸಪ್ಪೆಯೆನಿಸದಿರಲೆಂದು, ಈ ಗೋಧಿಯ ಮುದ್ದೆಯಿಂದಲೂ ಸೋಯಾ ಹಾಲಿನ ಗಡ್ಡೆಯಾದ ಟೋಫುವಿನಿಂದಲೂ ಮಾಂಸದ ಹೋಲಿಕೆಯ ಭಕ್ಷ್ಯಗಳನ್ನು ಮಾಡುವ ಕಲೆ ಅಲ್ಲಿ ಬೆಳೆಯಿತು. ಅತಿಥಿಯನ್ನು ಹೀಯಾಳಿಸದೆ ಅಹಿಂಸೆಯ ಪಂಕ್ತಿಗೆ ಕರೆತರುವ ಉಪಾಯವದು.

ಇನ್ನು ರುಚಿಯ ವಿಚಾರ. ಮಾಂಸದ ರುಚಿಯೆಂದು ನಾಲಗೆ ಗುರುತಿಸುವುದು ಯಾವುದನ್ನು? 1908ರಲ್ಲಿ ಜಪಾನಿನ ವಿಜ್ಞಾನಿ ಇಕೆಡಾ ಕಿಕುನೆ ಎಂಬವರು ಕೊಂಬು ಎಂಬ ಕಡಲಪಾಚಿಯ ಸಾರಿನಿಂದ ಗ್ಲುಟಮೇಟ್ ಎಂಬ ದ್ರವ್ಯವನ್ನು ಬೇರ್ಪಡಿಸಿ, ಸಿಹಿ, ಹುಳಿ, ಉಪ್ಪು, ಕಹಿಗಳಿಗೆ ಸೇರದ ಈ ಸವಿಗೆ 'ಉಮಾಮಿ' ಎಂದು ಹೆಸರಿಟ್ಟರು. ಮಾಂಸದ ಸಾರಿನಲ್ಲಿರುವ ಸವಿ ಅದೇ. ಅಣಬೆಯಲ್ಲಿಯೂ ಹಣ್ಣಾದ ಟೊಮೇಟೊದಲ್ಲಿಯೂ ಸೋಯಾ ರಸದಲ್ಲಿಯೂ ಅದೇ ಇದೆ. ಸುಟ್ಟ ಮಾಂಸದ ಕಂದುಬಣ್ಣ, ಪರಿಮಳಗಳು ಪ್ರೋಟೀನೂ ಸಕ್ಕರೆಯೂ ಬಿಸಿಯಲ್ಲಿ ಕೂಡಿ ಆಗುವ ಮಾರ್ಪಾಡು. ಇದನ್ನು 1912ರಲ್ಲಿ ವಿವರಿಸಿದವರು ಫ್ರಾನ್ಸಿನ ಮಯಾರ್. ಹಂಚಿನ ಮೇಲೆ ರೊಟ್ಟಿ ಚುಕ್ಕೆ ಚುಕ್ಕೆಯಾಗಿ ಕಂದಿದಾಗ ಬರುವ ಪರಿಮಳವೂ ಅದೇ ಮಾರ್ಪಾಡಿನ ಫಲ. ಕ್ಯಾಲಿಫೋರ್ನಿಯಾದಲ್ಲಿ ಪ್ಯಾಟ್ರಿಕ್ ಬ್ರೌನ್ ಎಂಬ ಜೀವರಸಾಯನ ವಿಜ್ಞಾನಿ 2011ರಲ್ಲಿ ಸ್ಥಾಪಿಸಿದ ಸಂಸ್ಥೆಯೊಂದು ಮಾಂಸದ ಕೆಂಪು ಮತ್ತು ರಕ್ತದ ರುಚಿಗಾಗಿ ಬಳಸಿದ್ದು ಸೋಯಾ ಗಿಡದ ಬೇರಿನ ಗಂಟುಗಳಲ್ಲಿರುವ ಲೆಗ್‌ಹಿಮೋಗ್ಲೋಬಿನ್ ಎಂಬ ಕೆಂಪು ಪ್ರೋಟೀನನ್ನು. ಅದನ್ನು ಈಗ ಯೀಸ್ಟಿನಲ್ಲಿ ಬೆಳೆಸುತ್ತಾರೆ. ನಿಮ್ಮಲ್ಲಿ ಒಕ್ಕಲುತನದವರಿದ್ದರೆ ಬೆಳೆದು ನಿಂತ ಶೇಂಗಾ ಗಿಡವನ್ನು ಕಿತ್ತು, ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಿರಿ. ಒಳಗೆ ನಸುಗೆಂಪಿದೆ. ಅದು ನಮ್ಮ ರಕ್ತದ ಕೆಂಪಿಗೆ ಹತ್ತಿರದ ಬಳಗ.

ಚೀಸಿನ ಸಂಗತಿಯೂ ಇಂಥದೇ. ಹಾಲಿನ ಕೇಸಿನ್ ಎಂಬ ಪ್ರೋಟೀನಿನಿಂದ ಅದಕ್ಕೆ ಕರಗುವ, ಎಳೆಯಾಗುವ ಗುಣ ಬರುತ್ತದೆ. ಯುರೋಪಿನ ಹಳೆಯ ಪದ್ಧತಿಯಲ್ಲಿ ಹಾಲನ್ನು ಒಡೆಯಿಸಲು ಬಳಸುತ್ತಿದ್ದುದು ಹಾಲು ಬಿಡದ ಎಳೆಗರುವಿನ ಜಠರದಿಂದ ತೆಗೆದ ರಸ. ಗೋಡಂಬಿಯಲ್ಲಿ ಕೇಸಿನ್ ಇಲ್ಲ. ಆದುದರಿಂದ ಜಿಗುಟಿಗೆ ಮರಗೆಣಸಿನ ಹಿಟ್ಟನ್ನೂ, ತಣ್ಣಗಾದಾಗ ಗಟ್ಟಿಯಾಗಿ ಬಿಸಿಗೆ ಕರಗಲು ಕೊಬ್ಬರಿ ಎಣ್ಣೆಯನ್ನೂ, ಹುಳಿಗೆ ನಿಂಬೆರಸವನ್ನೂ ಸೇರಿಸುತ್ತಾರೆ.

ಈ ವಿವರಗಳನ್ನೆಲ್ಲ ಏಕೆ ಹೇಳಿದೆನೆಂದರೆ, ಇವುಗಳಿಂದ ಒಂದು ಸತ್ಯ ಹೊರಪಡುತ್ತದೆ. ನಾಲಗೆ ಇಷ್ಟುಕಾಲ ಬೇಡುತ್ತ ಬಂದದ್ದು ಉಪ್ಪನ್ನು, ಜಿಡ್ಡನ್ನು, ಕಂದುಪರಿಮಳವನ್ನು, ಒಂದು ಬಗೆಯ ಸವಿಯನ್ನು. ಅದು ಪ್ರಾಣವನ್ನು ಬೇಡಿರಲೇ ಇಲ್ಲ. ಮನುಷ್ಯನು ನಾಲಗೆಯ ಹೆಸರಿನಲ್ಲಿ ಪ್ರಾಣವನ್ನು ತೆಗೆಯುತ್ತ ಬಂದ. ನಾಲಗೆಗೆ ಬೇಕಾದುದು ಬೇರಿನಲ್ಲಿ, ಬೀಜದಲ್ಲಿ, ಅಣಬೆಯಲ್ಲಿ ದೊರೆಯುವುದಾದರೆ, ಅದನ್ನು ಅಲ್ಲಿಂದ ತೆಗೆದುಕೊಳ್ಳುವುದರಲ್ಲಿ ಯಾರಿಗೆ ಯಾವ ಅನ್ಯಾಯವಾಯಿತು?

ಈಗ ಮರಳಿ ಹಿಟ್ಟಿನ ಕೋಳಿಗೆ ಬರೋಣ. ಯಶೋಧರನ ಪೂಜೆಯಲ್ಲಿ ಮುಖ್ಯವಾದುದು ಯಾವುದು? ಹಿಟ್ಟಿನ ರುಚಿಯಲ್ಲ, ಕೋಳಿಯ ಅಂದವೂ ಅಲ್ಲ, ಕತ್ತಿಯ ಏಟು. ಕತ್ತಿಯನ್ನು ತೆಗೆದುಬಿಟ್ಟರೆ ಆ ಪೂಜೆಯೇ ಇಲ್ಲ. ಅಲ್ಲಿ ಹಿಟ್ಟು ನಿಂತದ್ದು ಸಾವಿನ ಪ್ರತಿನಿಧಿಯಾಗಿ. ಸೊಸೆಯ ಅಡುಗೆಯಲ್ಲಿ ಗೋಧಿ ನಿಂತದ್ದು ರುಚಿಯ ಪ್ರತಿನಿಧಿಯಾಗಿ, ಅಜ್ಜಿಯ ಪ್ರತಿನಿಧಿಯಾಗಿ. ಅರಸನು ಪ್ರಾಣಿಯನ್ನು ಬಿಟ್ಟು ಕೊಲೆಯನ್ನು ಇಟ್ಟುಕೊಂಡ. ಈಕೆ ಕೊಲೆಯನ್ನು ಬಿಟ್ಟು ಪ್ರೀತಿಯನ್ನು ಇಟ್ಟುಕೊಂಡಳು. ಎರಡರಲ್ಲಿಯೂ ಹಿಟ್ಟು ಒಂದೇ, ಭಾವ ಒಂದೇ ಅಲ್ಲ. ಪದಾರ್ಥವು ಪ್ರಸಾದವಾಗುವುದು ಅರ್ಪಿಸುವವನ ಭಾವದಿಂದ ಎಂಬ ತತ್ತ್ವವನ್ನು ದಿನವೂ ಎರಡು ಹೊತ್ತು ಊಟದ ಮುಂದೆ ನೆನೆದು ಬೆಳೆದ ನನಗೆ ಇಷ್ಟು ಹೊಳೆಯದೆ ಹೋಯಿತಲ್ಲ ಎಂದು ನಾಚಿಕೆಯಾಯಿತು.

ಇವೆರಡನ್ನೂ ಬೇರ್ಪಡಿಸಿ ನೋಡಲು ಒಂದು ಸುಲಭವಾದ ಒರೆಗಲ್ಲಿದೆ. ಹೋಲಿಕೆಯ ವಸ್ತುವನ್ನು ತೆಗೆದು ಅಸಲಿನ ವಸ್ತುವನ್ನೇ ಮುಂದಿಟ್ಟರೆ ಆ ವ್ಯಕ್ತಿ ಏನು ಮಾಡುವನು? ಚಂದ್ರಮತಿ ಸಂತೋಷದಿಂದ ಅಸಲಿನ ಕೋಳಿಯನ್ನೇ ಕೊಯ್ಯಿಸುತ್ತಿದ್ದಳು. ಹಿಟ್ಟಿನದು ಆಕೆಗೆ ಗತ್ಯಂತರವಿಲ್ಲದೆ ಒಪ್ಪಿದ ಎರಡನೆಯ ದಾರಿ. ನನ್ನ ಸೊಸೆಯ ಮುಂದೆ ಅಸಲಿನ ಟರ್ಕಿಯನ್ನು ಇಟ್ಟರೆ ಆಕೆ ಎದ್ದು ಹೋಗುವಳು. ಗೋಧಿಯ ಮುದ್ದೆಯೂ ಇಲ್ಲದಿದ್ದರೆ ಬರಿಯ ಆಲೂಗಡ್ಡೆ ತಿಂದು ಹಬ್ಬ ಮುಗಿಸುವಳು. ತ್ಯಾಗವೆಂಬುದು ನೆಲೆನಿಂತಿದೆಯೋ ಇಲ್ಲವೋ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೇ?

"ಆದರೂ ವಾಸನೆ ಉಳಿಯಿತಲ್ಲವೇ? ಹೋಲಿಕೆಯ ಊಟ ಆಸೆಗೆ ನೀರೆರೆಯುವುದಿಲ್ಲವೇ?" ಎಂದು ನಿಮ್ಮಲ್ಲಿ ವಿಚಾರವಂತರು ಕೇಳಬಹುದು. ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ವಾಸನಾಕ್ಷಯವೇ ಸಾಧಕನ ಗುರಿ ನಿಜ. ಆದರೆ ಜನಸಮುದಾಯಗಳು ಹಿಂಸೆಯಿಂದ ಹೊರಬಂದದ್ದು ಒಂದೇ ನೆಗೆತಕ್ಕಲ್ಲ, ಪ್ರತಿನಿಧಿಗಳ ಮೆಟ್ಟಿಲುಗಳಿಂದಲೇ ಎಂಬುದಕ್ಕೆ ಚರಿತ್ರೆ ಸಾಕ್ಷಿಯಾಗಿದೆ. ಚೀನಾದ ಲಿಯಾಂಗ್ ವಂಶದ ಚಕ್ರವರ್ತಿ ವೂ 517ರಲ್ಲಿ ಪೂರ್ವಜರ ಪೂಜೆಯ ಪ್ರಾಣಿಬಲಿಯನ್ನು ನಿಲ್ಲಿಸಿ, ಹಿಟ್ಟಿನಿಂದ ಮಾಡಿದುದನ್ನು ಅರ್ಪಿಸಬೇಕೆಂದು ಆಜ್ಞೆ ಹೊರಡಿಸಿದನು. ನಮ್ಮ ನಾಡಿನಲ್ಲಿಯೇ ಮಾಧ್ವ ಸಂಪ್ರದಾಯದವರು ಯಜ್ಞದಲ್ಲಿ ಪಶುವಿನ ಬದಲು ಪಿಷ್ಟಪಶುವನ್ನು, ಎಂದರೆ ಹಿಟ್ಟಿನ ಪಶುವನ್ನು, ರೂಢಿಗೆ ತಂದರು. ಆಯುಧಪೂಜೆಯ ದಿನ ನಾವು ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ವಾಹನದ ಮುಂದೆ ಒಡೆಯುತ್ತೇವಲ್ಲ, ಆ ಕೆಂಪು ಯಾವುದರ ನೆನಪು? ಒಂದು ಕಾಲಕ್ಕೆ ಅಲ್ಲಿ ಯಾವುದೋ ಮೂಕಪ್ರಾಣಿ ಇತ್ತು. ಇಂದು ಕುಂಬಳಕಾಯಿ ಒಡೆಯುವ ಹುಡುಗನ ಮನಸ್ಸಿನಲ್ಲಿ ಆ ಪ್ರಾಣಿಯ ನೆರಳೂ ಇಲ್ಲ. ಪ್ರತಿನಿಧಿ ಉಳಿಯಿತು, ಅಸಲು ಅಳಿಯಿತು. ಜನ್ನನ ಅರಸನ ಹಾಗೆ ಕೊಲ್ಲುವ ಭಾವವನ್ನು ಹಿಡಿದುಕೊಂಡರೆ ಮಾತ್ರ ಪ್ರತಿನಿಧಿ ಪಾಶವಾಗುತ್ತದೆ. ಆ ಭಾವ ಸಡಿಲಿದರೆ ಅದೇ ಏಣಿ.

ಮೇಲಾಗಿ, ವಾಸನೆಯೆಂದು ನಾವು ಜರೆಯುವ ವಸ್ತುವಿನಲ್ಲಿ ಎಷ್ಟು ಭಾಗ ಜಿಹ್ವಾಚಾಪಲ್ಯ, ಎಷ್ಟು ಭಾಗ ಕೃತಜ್ಞತೆ? ಪ್ರಸಾದ ನಿಲಯದಲ್ಲಿ ಓದಿದ ಹಳೆಯ ವಿದ್ಯಾರ್ಥಿಗಳಾದ ನೀವು ಒಮ್ಮೆ ಕಣ್ಣು ಮುಚ್ಚಿ ನೆನೆಯಿರಿ. ಸಾಲಾಗಿ ಕುಳಿತ ನೂರಾರು ಹುಡುಗರು, ಮುಂದೆ ತಟ್ಟೆ, ಕೊಪ್ಪರಿಗೆಯಲ್ಲಿ ಕುದಿದ ಆ ತೆಳ್ಳನೆಯ ಸಾರು. ಮುಂದೆ ನೀವು ಎಷ್ಟು ದೊಡ್ಡ ಹುದ್ದೆಗೇರಿದರೂ, ಎಂಥ ಪಕ್ವಾನ್ನ ಉಂಡರೂ, ಜ್ವರ ಬಂದ ರಾತ್ರಿ ನಾಲಗೆ ಕೇಳುವುದು ಆ ಸಾರನ್ನೇ ಅಲ್ಲವೇ? ಆ ಸಾರು ಅಷ್ಟು ರುಚಿಯಾಗಿತ್ತೆಂದಲ್ಲ. ಅನ್ನವಿಲ್ಲದ ಮನೆಯಿಂದ ಬಂದ ಹುಡುಗನಿಗೆ ಅದನ್ನು ಅಕ್ಕರೆಯಿಂದ ಬಡಿಸಿದ ಕೈಯೊಂದಿತ್ತು. ಆ ಕೈಯ ನೆನಪು ಸಾರಿನಲ್ಲಿ ಕರಗಿದೆ. ನಾಳೆ ಯಾರೋ ಬಂದು, ಆ ಸಾರಿನಲ್ಲಿ ಯಾವುದೋ ಜೀವಕ್ಕೆ ನೋವಿತ್ತೆಂದು ಸಿದ್ಧಪಡಿಸಿದರೆ ನಾವು ಅದನ್ನು ಬಿಟ್ಟೇವು. ಆದರೆ ನೋವಿಲ್ಲದೆ ಅದೇ ರುಚಿ ಬರಿಸುವ ದಾರಿಯುಂಟೇ ಎಂದು ಹುಡುಕದೆ ಇದ್ದೇವೇ? ಅಮೆರಿಕೆಯ ಮಗುವಿಗೆ ಚೀಸು ಹಾಕಿದ ಮ್ಯಾಕರೋನಿ ಅಂಥ ಸಾರು. ಅದನ್ನು ಬೇರೆ ರೀತಿಯಲ್ಲಿ ಮರಳಿ ಪಡೆಯುವವರನ್ನು ನೋಡಿ ನಗಲು ನಮಗೆ ಅಧಿಕಾರವಿಲ್ಲ. ನಮ್ಮ ಊರುಗಳ ಸಂಜೆಯ ಬಂಡಿಗಳ ಮುಂದೆ ನಿಂತು ಗೋಬಿ ಮಂಚೂರಿಯನ್ನು ಸವಿಯುವ ನಮ್ಮ ಮಕ್ಕಳು ತಿನ್ನುತ್ತಿರುವುದಾದರೂ ಏನು? 1970ರ ದಶಕದಲ್ಲಿ ಮುಂಬಯಿಯಲ್ಲಿ ಹುಟ್ಟಿದ ಕೋಳಿಯ ಭಕ್ಷ್ಯವೊಂದರ ಹೂಕೋಸಿನ ಪ್ರತಿರೂಪವನ್ನೇ ಅಲ್ಲವೇ?

ಹಾಗೆಂದು ಎಲ್ಲ ಹೋಲಿಕೆಯೂ ಒಳ್ಳೆಯದೆಂದು ನಾನು ಹೇಳುವುದಿಲ್ಲ. ಮೊದಲನೆಯದಾಗಿ, ಸತ್ಯದ ಪ್ರಶ್ನೆ. ಗೋಧಿಯನ್ನು ಗೋಧಿಯೆಂದು ಹೇಳಿ ಬಡಿಸಬೇಕು. ಅತಿಥಿಗೆ ತಿಳಿಸದೆ ಬಡಿಸಿದರೆ ಅದು ವಂಚನೆ. ಐರೋಪ್ಯ ಒಕ್ಕೂಟದ ನ್ಯಾಯಾಲಯವು 2017ರಲ್ಲಿ, ಸಸ್ಯಮೂಲದ ಪದಾರ್ಥಗಳನ್ನು ಹಾಲು, ಬೆಣ್ಣೆ, ಚೀಸು ಎಂಬ ಹೆಸರಿನಿಂದ ಮಾರಲಾಗದೆಂದು ತೀರ್ಪಿತ್ತಿತು. ನಮ್ಮ ದೇಶದಲ್ಲಿಯೂ 2022ರಲ್ಲಿ ವೀಗನ್ ಆಹಾರಗಳಿಗೆ ಪ್ರತ್ಯೇಕ ನಿಯಮಾವಳಿ ಬಂದಿತು. ಕನ್ನಡಿಗರಾದ ನಾವು ತೆಂಗಿನ ಹಾಲು, ಗೋಧಿಯ ಹಾಲು ಎಂದು ಯಾವ ಕಾಲದಿಂದಲೋ ಹೇಳುತ್ತ ಬಂದಿದ್ದೇವೆ, ಯಾರೂ ಮೋಸಹೋಗಿಲ್ಲ. ಮೂಲವನ್ನು ಮುಂದಿಟ್ಟು ಹೇಳಿದರೆ ಹೆಸರು ಸುಳ್ಳಾಗುವುದಿಲ್ಲ. ಎರಡನೆಯದಾಗಿ, ದೇಹದ ಪ್ರಶ್ನೆ. ಕಾರ್ಖಾನೆಗಳಲ್ಲಿ ತಯಾರಾಗಿ ಬರುವ ಇಂಥ ಪದಾರ್ಥಗಳಲ್ಲಿ ಹಲವಕ್ಕೆ ಉಪ್ಪೂ ಜಿಡ್ಡೂ ಧಾರಾಳ. ಅಹಿಂಸೆಯ ಮುದ್ರೆ ಬಿದ್ದ ಮಾತ್ರಕ್ಕೆ ಅವು ಆರೋಗ್ಯಕರವಾಗುವುದಿಲ್ಲ. ಗೋಬಿ ಮಂಚೂರಿಗೆ ಬೆರೆಸುತ್ತಿದ್ದ ಕೃತಕ ಬಣ್ಣವನ್ನು ಕರ್ನಾಟಕ ಸರಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಬೇಕಾಗಿ ಬಂದುದನ್ನು ನೆನೆಯಿರಿ. ಹಾಗೆಯೇ, ಬಿ12 ಎಂಬ ಜೀವಸತ್ತ್ವ ಸಸ್ಯಾಹಾರದಲ್ಲಿ ನಂಬುವಷ್ಟು ದೊರೆಯುವುದಿಲ್ಲವಾದುದರಿಂದ, ಹಾಲನ್ನೂ ಬಿಟ್ಟವರು ಅದನ್ನು ಮಾತ್ರೆಯ ರೂಪದಲ್ಲಿಯೋ, ಅದನ್ನು ಸೇರಿಸಿದ ಆಹಾರದ ರೂಪದಲ್ಲಿಯೋ ತಪ್ಪದೆ ತೆಗೆದುಕೊಳ್ಳಬೇಕು. ದಯೆಯೆಂಬುದು ತನ್ನ ದೇಹಕ್ಕೂ ಸಲ್ಲತಕ್ಕದ್ದು.

ಇಷ್ಟೂ ಪರರ ವಿಚಾರವಾಯಿತು. ಇನ್ನು ನಮ್ಮ ವಿಚಾರ. ಆ ಹಬ್ಬದ ಮರುದಿನ ಬೆಳಿಗ್ಗೆ ಎದ್ದಾಗ ಮೇಜಿನ ಮೇಲೆ ನನಗೆ ಕಾಫಿ ಇತ್ತು. ಆಕಳ ಹಾಲಿನ ಕಾಫಿ. ತಾನು ಮುಟ್ಟದ ಹಾಲನ್ನು, ತನ್ನ ಮನೆಯೊಳಗೆ ಅದುವರೆಗೂ ತಾರದ ಹಾಲನ್ನು, ಆಕೆ ನಾನು ಬಂದ ದಿನದಿಂದ ನನಗೆಂದು ತರುತ್ತಿದ್ದಳು. ಅದರ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ. ನಾನು ಆಕೆಯ ತಟ್ಟೆಯನ್ನು ನೋಡಿ ನಕ್ಕಿದ್ದೆ. ಆಕೆ ನನ್ನ ಲೋಟವನ್ನು ನೋಡಿ ನಕ್ಕಿರಲಿಲ್ಲ. ವಾಚಕರೇ, ನಮ್ಮಿಬ್ಬರಲ್ಲಿ ಶರಣಮಾರ್ಗಕ್ಕೆ ಹತ್ತಿರದಲ್ಲಿದ್ದವರು ಯಾರೆಂದು ನಾನು ಹೇಳಬೇಕಾಗಿಲ್ಲ.

ಆ ಲೋಟದ ಮುಂದೆ ನನಗೆ ನನ್ನ ತಾಯಿ ನೆನಪಾದಳು. ಹಾಲು ಕರೆಯುವಾಗ ಎರಡು ಮೊಲೆಯನ್ನು ಕರುವಿಗೆಂದೇ ಬಿಡುತ್ತಿದ್ದಳು. ಗಂಡು ಕರು ಹುಟ್ಟಿದರೆ ಅದಕ್ಕೂ ಮನೆಯಲ್ಲಿ ಕೆಲಸವಿತ್ತು. ಬೆಳೆದು ಎತ್ತಾಗಿ ನೇಗಿಲಿಗೆ ಹೆಗಲು ಕೊಡುತ್ತಿತ್ತು. ಇಂದು ಹೊಲಕ್ಕೆ ಟ್ರ್ಯಾಕ್ಟರು ಬಂದಿದೆ. ಆಕಳು ಹಾಲು ಕೊಡಬೇಕಾದರೆ ಈಗಲೂ ಈಯಲೇಬೇಕು, ಈದ ಕರುಗಳಲ್ಲಿ ಅರ್ಧದಷ್ಟು ಗಂಡೇ. ಹಾಲಿನ ಲೆಕ್ಕದಲ್ಲಿ ಅವು ಬರಿಯ ಖರ್ಚು. ಅವು ಎಲ್ಲಿ ಹೋಗುತ್ತವೆ? ಪೊಟ್ಟಣದ ಹಾಲನ್ನು ಕತ್ತರಿಸಿ ಕಾಸುವ ನಾವು ಈ ಪ್ರಶ್ನೆ ಕೇಳುವುದಿಲ್ಲ. ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಎಂಬ ಮರಗೆಲಸದ ಮಾಸ್ತರರು ಕೆಲವೇ ಮಂದಿ ಸ್ನೇಹಿತರೊಡನೆ 1944ರ ನವೆಂಬರಿನಲ್ಲಿ ವೀಗನ್ ಸಂಘವನ್ನು ಕಟ್ಟಿದ್ದು ಈ ಪ್ರಶ್ನೆಯನ್ನು ಕೇಳಿಕೊಂಡದ್ದರಿಂದಲೇ. ಚಿಕ್ಕಂದಿನಲ್ಲಿ ಚಿಕ್ಕಪ್ಪನ ಹೊಲಮನೆಯಲ್ಲಿ ಹಂದಿಯೊಂದನ್ನು ಕೊಂದುದನ್ನು ಕಂಡು ಅವರು ಮುಂದೆ ಮಾಂಸ ಬಿಟ್ಟರು. ಬೆಳೆದ ಮೇಲೆ ಹಾಲಿನ ಹಿಂದಿನ ಕರುವನ್ನು ಕಂಡು ಹಾಲನ್ನೂ ಬಿಟ್ಟರು. ಮಾಂಸಾಹಾರದ ನಡುವೆ ಹುಟ್ಟಿ ಬೆಳೆದ ಒಬ್ಬರು ಒಂದೊಂದು ಹೆಜ್ಜೆಯನ್ನೂ ತಮ್ಮ ವಿಚಾರದಿಂದಲೇ ಇಟ್ಟರು. ನಾವಾದರೋ ಸಸ್ಯಾಹಾರವನ್ನು ಪಿತ್ರಾರ್ಜಿತ ಆಸ್ತಿಯಂತೆ ಪಡೆದವರು. ಪಿತ್ರಾರ್ಜಿತದ ಮೇಲೆ ಕುಳಿತವನು ಸ್ವಯಾರ್ಜಿತದವನನ್ನು ಹಂಗಿಸುವುದು ಎಂಥ ನ್ಯಾಯ?

ನಾಳೆಯಿಂದಲೇ ಎಲ್ಲರೂ ಹಾಲು ಬಿಡಿರೆಂದು ನಾನು ಉಪದೇಶ ಮಾಡುತ್ತಿಲ್ಲ. ಅಂಥ ಯೋಗ್ಯತೆ ನನಗಿಲ್ಲ. ನಾನೇ ಪೂರ್ತಿಯಾಗಿ ಬಿಟ್ಟಿಲ್ಲ. ಮಾಂಸ ಉಣ್ಣುವ ನೆರೆಯವರನ್ನು ಕೀಳಾಗಿ ಕಾಣಿರೆಂದೂ ಹೇಳುತ್ತಿಲ್ಲ, ಅದು ಇನ್ನೊಂದು ಬಗೆಯ ಹಿಂಸೆ. ನನ್ನ ವಿನಂತಿ ಎರಡೇ. ನಿಮ್ಮ ಮಗನೋ ಮೊಮ್ಮಗಳೋ ಸೋಯಾ ತುಂಡುಗಳ ಪಲಾವನ್ನೋ, ಗೋಡಂಬಿಯ ಚೀಸನ್ನೋ ಮಾಡಿ ತಂದಿಟ್ಟು, "ಇದರಲ್ಲಿ ಯಾರ ಪ್ರಾಣವೂ ಇಲ್ಲ" ಎಂದರೆ, ಅದು ಯಾವುದನ್ನು ಹೋಲುತ್ತದೆಂದು ನೋಡಬೇಡಿರಿ, ಯಾವುದನ್ನು ಉಳಿಸಿದೆಯೆಂದು ನೋಡಿರಿ. ಎರಡನೆಯದು, ನೀವು ಕುಡಿಯುವ ಹಾಲು ಯಾವ ಕೊಟ್ಟಿಗೆಯಿಂದ ಬರುತ್ತದೆ, ಅಲ್ಲಿ ಕರು ಏನಾಗುತ್ತದೆಂದು ಒಮ್ಮೆಯಾದರೂ ಕೇಳಿರಿ. ಶರಣರ ಧರ್ಮದಲ್ಲಿ ದಯೆಗಿರುವ ಸ್ಥಾನ ನಿಮಗೆ ತಿಳಿಯದ್ದಲ್ಲ. ತಿಳಿದುಕೊಳ್ಳಲು ಹೆದರುವ ದಯೆ ಬಹುದೂರ ನಡೆಯಲಾರದು.

ಊರಿಗೆ ಹೊರಡುವ ಹಿಂದಿನ ದಿನ ನಾನು ಸೊಸೆಯನ್ನು ಕರೆದು, ಅಂದಿನ ಆ ಗೋಧಿಯ ಮುದ್ದೆಯನ್ನು ಇನ್ನೊಮ್ಮೆ ಮಾಡುವೆಯಾ ಎಂದು ಕೇಳಿದೆ. ಆಕೆ ಮಾತಾಡದೆ ಹಿಟ್ಟಿನ ಡಬ್ಬಿ ತೆಗೆದಳು. ಹಿಟ್ಟನ್ನು ನಾನು ನಾದಿದೆ, ತೊಳೆಯುವುದನ್ನು ಆಕೆ ಕಲಿಸಿದಳು. ಚೆಲ್ಲಲಿದ್ದ ಗೋಧಿಯ ಹಾಲನ್ನು ನಾನು ತಡೆದು, ಬೆಲ್ಲ ಮತ್ತು ತೆಂಗಿನ ಹಾಲು ಹಾಕಿ ಕಾಸಿ, ನಮ್ಮ ತಾಯಿ ಮಾಡುತ್ತಿದ್ದ ರೀತಿಯ ಸಿಹಿಯೊಂದನ್ನು ಮಾಡಿ ತೋರಿಸಿದೆ. ಅದರಲ್ಲಿ ತುಪ್ಪವಿರಲಿಲ್ಲ. ರುಚಿ ಸ್ವಲ್ಪ ಕಡಿಮೆಯೇ ಆಗಿತ್ತು, ಸುಳ್ಳು ಹೇಳಲಾರೆ. ಆದರೂ ಆ ದಿನ ಒಂದೇ ಮೇಜಿನಲ್ಲಿ ಆಕೆಯ ಅಜ್ಜಿಯೂ ನನ್ನ ತಾಯಿಯೂ ಕುಳಿತಂತಿತ್ತು. ಯಾರೂ ಯಾರಿಗೂ ಕೈಯಡ್ಡ ಹಿಡಿಯಲಿಲ್ಲ.